ಟಕ್‌ಟಕ್ ಹಿಡಿದೇ ತೀರುತ್ತೇನೆ

ಕಾರು ಓಡಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ. ಇದು ಜಂಬವಲ್ಲ, ನನ್ನ ನಮ್ರ ಅಭಿಪ್ರಾಯ. ಹಾಗಾಗಿ ಕಾರಿನ ಎಂಜಿನ್ ಇದ್ದಕ್ಕಿದ್ದಂತೆ ‘ಟಕ್, ಟಕ್’ ಎನ್ನತೊಡಗಿದಾಗ ಅದನ್ನು ನನಗಾದ ಅವಮಾನವೆಂದೇ ತೆಗೆದುಕೊಂಡೆ.

ಆವತ್ತು ಅತ್ತೆಯನ್ನು ಮಂಡಿಯ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಮಂಡಿಗೆ ಆಪರೇಷನ್ ಆದ ಮೇಲೆ ಅವರು ನಮ್ಮಲ್ಲೇ ಇದ್ದಾರೆ. ಕಾಲು ಚಾಚಲು ಜಾಗ ಬೇಕೆಂದು ಮುಂದಿನ ಸೀಟು ಅವರದು. ಅವರ ದಪ್ಪ ಅಟ್ಟೆಯ ಶೂ ಸಿಕ್ಕಿಕೊಳ್ಳದಿರಲೆಂದು ಕಾಲಡಿಯ ಮ್ಯಾಟನ್ನೂ ನಾನೇ ತೆಗೆದಿಟ್ಟಿದ್ದೆ. ಹೆಂಡತಿ ಹಿಂದೆ ಕೂತಿದ್ದಳು.

“ರೀ, ಏನದು ಶಬ್ದ?”

“ಎಂಜಿನ್ನು. ನಾನು ನೋಡ್ಕೋತೀನಿ.”

“ಮೆಕ್ಯಾನಿಕ್ ಹತ್ರ ಬಿಡಬಾರ್ದಾ?”

“ನಾನಿರೋವಾಗ ಮೆಕ್ಯಾನಿಕ್ ಯಾಕೆ? ಶನಿವಾರದೊಳಗೆ ಈ ಶಬ್ದ ನಿಲ್ಲಿಸದೇ ಇದ್ರೆ ಸ್ಟೀರಿಂಗ್ ನಿನ್ನ ಕೈಗೆ ಕೊಟ್ಟು ಹಿಂದೆ ಕೂರ್ತೀನಿ. ಜೀವನಪೂರ್ತಿ!”

ಬಾಯಿ ಜಾರಿಬಿಟ್ಟಿತು. ಅವಳು ಲೈಸೆನ್ಸ್ ಪಡೆದು ವರ್ಷವಾಗಿದ್ದರೂ ಕಾರನ್ನು ತೊಳೆಯುವುದಕ್ಕೆ ಬಿಟ್ಟು ಇನ್ನಾವುದಕ್ಕೂ ನಾನು ಅವಳ ಕೈಗೆ ಕೊಟ್ಟಿರಲಿಲ್ಲ. “ಅಮ್ಮ, ನೀನೇ ಸಾಕ್ಷಿ,” ಎಂದಳು. ಅತ್ತೆ ಮಡಿಲಲ್ಲಿದ್ದ ದೊಡ್ಡ ಚೀಲವನ್ನು ಬಿಗಿಯಾಗಿ ಅಪ್ಪಿಕೊಂಡು ರಸ್ತೆಯನ್ನೇ ನೋಡುತ್ತಿದ್ದರು.

ಸ್ಟೀರಿಂಗ್ ಬಿಟ್ಟುಕೊಡುವುದೆಂದರೇನು? ಹಟ ತೊಟ್ಟು ಸಂಶೋಧನೆಗಿಳಿದೆ. ವೇಗ ಹೆಚ್ಚಿದರೆ ಶಬ್ದವೂ ಹೆಚ್ಚು. ತಿರುವಿನಲ್ಲಿ ಜೋರು. ಬಸ್ಸನ್ನು ಹಿಂದೆ ಹಾಕುವಾಗಂತೂ ಒಂದೇ ಸಮನೆ ಟಕಟಕ. ಸಿಗ್ನಲ್ಲಿನಲ್ಲಿ ನಿಂತರೆ ಗಪ್‌ಚಿಪ್. ಕಾಯಿಲೆ ಎಂಜಿನ್ನಿನ ಹೊಟ್ಟೆಯೊಳಗೇ ಇದೆ ಎಂದು ತೀರ್ಮಾನಿಸಿದೆ.

ಮನೆಗೆ ಬಂದವನೇ ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಎಡಗಿವಿಗೆ ಇಟ್ಟು ಕಣ್ಣು ಮುಚ್ಚಿದೆ. ದೊಡ್ಡ ಡಾಕ್ಟರುಗಳೂ ಅಷ್ಟು ಗಂಭೀರವಾಗಿ ಎದೆ ಬಡಿತ ಕೇಳಿರಲಾರರು.

“ಏನಂತೆ?” ಎಂದಳು ಹೆಂಡತಿ.

“ಸುಮ್ಮನಿರು. ಇನ್ನೂ ಬಾಯಿ ಬಿಟ್ಟಿಲ್ಲ.”

ಮರುದಿನ ಆಫೀಸಿನಲ್ಲಿ ಎಲ್ಲರೂ ನನ್ನ ಬಲಗಡೆಗೇ ಬಂದು ಮಾತಾಡುತ್ತಿದ್ದರು. ಎಡಗಿವಿಯ ತುಂಬ ಕರಿ ಗ್ರೀಸು ಮೆತ್ತಿಕೊಂಡಿದ್ದು ಸಂಜೆ ಕನ್ನಡಿ ನೋಡಿದಾಗಲೇ ಗೊತ್ತಾಯಿತು.

ಬಿಡಲಿಲ್ಲ. ಆಯಿಲ್ ಬದಲಿಸಿದೆ. ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿದೆ. ಕೈಗೆ ಸಿಕ್ಕ ಬಿಡಿಭಾಗಗಳನ್ನೆಲ್ಲ ಹಳೆಯ ಬೆಡ್‌ಶೀಟಿನ ಮೇಲೆ ಸಾಲಾಗಿ ಜೋಡಿಸಿದೆ. ಅದು ಹಳೆಯ ಬೆಡ್‌ಶೀಟ್ ಅಲ್ಲವೆಂದು ಹೆಂಡತಿ ಆಮೇಲೆ ವಿವರವಾಗಿ ತಿಳಿಸಿಕೊಟ್ಟಳು. ಎಲ್ಲವನ್ನೂ ಮತ್ತೆ ಕೂಡಿಸಿದಾಗ ಒಂದು ಬೋಲ್ಟು ಉಳಿಯಿತು.

“ಇದು ಎಲ್ಲಿಯದು?”

“ಕಂಪನಿಯವರು ಒಂದು ಹೆಚ್ಚಿಗೆ ಹಾಕಿರ್ತಾರೆ,” ಎಂದು ಜೇಬಿಗೆ ಸೇರಿಸಿದೆ.

ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ಮೊದಲ ತಿರುವಿನಲ್ಲೇ ಟಕ್! ಹಿಂದಿನ ಸೀಟಿನಲ್ಲಿ ಹೆಂಡತಿ ಕೆಮ್ಮಿದಳು. ಆ ಕೆಮ್ಮಿನಲ್ಲಿ ಕಫವಿರಲಿಲ್ಲ, ಖುಷಿಯಿತ್ತು.

ಕೊನೆಗೆ ಮಾನ ಬಿಟ್ಟು ಕದ್ದುಮುಚ್ಚಿ ಮೆಕ್ಯಾನಿಕ್ ಬಳಿ ಹೋದೆ. ಅವನು ಪಕ್ಕದಲ್ಲಿ ಕೂತ. ಊರೆಲ್ಲ ಸುತ್ತಿಸಿದೆ. ಟಕ್ ಇಲ್ಲ, ಟಿಕ್ ಇಲ್ಲ.

“ಸಾರ್, ಎಂಜಿನ್ ಚೆನ್ನಾಗಿದೆ. ಒಂದು ಬೋಲ್ಟ್ ಕಾಣ್ತಿಲ್ಲ, ಅಷ್ಟೆ.”

ಜೇಬಿನಿಂದ ತೆಗೆದುಕೊಟ್ಟೆ.

ಶನಿವಾರ ಬಂದೇಬಿಟ್ಟಿತು. ಆಗ ನನಗೊಂದು ಮಹಾ ಉಪಾಯ ಹೊಳೆಯಿತು. ಓಡಿಸುವವನು ಕಣ್ಣು ರಸ್ತೆಗೆ ಕೊಡಬೇಕು. ಕಿವಿ ಎಂಜಿನ್ನಿಗೆ ಪೂರ್ತಿ ಕೊಡುವುದು ಹೇಗೆ?

“ಇವತ್ತು ನೀನೇ ಓಡಿಸು. ಪ್ರಯೋಗಕ್ಕೆ ಮಾತ್ರ,” ಎಂದೆ. ಅದೇ ದಾರಿ, ಅದೇ ಆಸ್ಪತ್ರೆ, ಮುಂದೆ ಅದೇ ಅತ್ತೆ. ನಾನು ಹಿಂದಿನ ಸೀಟಿನಲ್ಲಿ ಕಿವಿ ನಿಮಿರಿಸಿ ಕೂತೆ.

ಕಾರು ಸದ್ದಿಲ್ಲದೆ ಸಾಗಿತು. ತಿರುವು ದಾಟಿತು, ಸೇತುವೆ ದಾಟಿತು, ಕೆಮ್ಮಲೂ ಇಲ್ಲ. ಅತ್ತೆ ಚೀಲ ಕೆಳಗಿಟ್ಟು ನೆಮ್ಮದಿಯಾಗಿ ತೂಕಡಿಸುತ್ತಿದ್ದರು. ನಾನು ಸಾಕಿದ ಕಾರು ನನಗೇ ಎರಡು ಬಗೆಯಿತಲ್ಲ ಎಂದು ಹೊಟ್ಟೆ ಉರಿಯಿತು. ಅಷ್ಟರಲ್ಲಿ ಮುಂದೆ ಹೋಗುತ್ತಿದ್ದ ಲಾರಿಯೊಂದು ನಿಧಾನವಾಯಿತು.

ಟಕ್!

“ಬಂತು! ಶಬ್ದ ಬಂತು, ಗಾಡಿ ನಿಲ್ಸು,” ಎಂದು ಕೂಗಿದೆ.

ಅತ್ತೆ ಎಚ್ಚೆತ್ತು ಹಿಂತಿರುಗಿ ನೋಡಿದರು. “ಅಳಿಯಂದ್ರೇ, ಒಂಚೂರು ನಿಮ್ಮ ಕಾಲು ನೋಡ್ಕೊಳ್ಳಿ.”

ನೋಡಿಕೊಂಡೆ. ನನ್ನ ಬಲಗಾಲು ಇಲ್ಲದ ಬ್ರೇಕನ್ನು ನೆಲಕ್ಕೆ ಒತ್ತಿ ಹಿಡಿದಿತ್ತು.

“ನೀವು ಓಡಿಸೋವಾಗ ನಾನೂ ಹೀಗೇ ಒತ್ತುತ್ತಿದ್ದೆ,” ಎಂದರು ಅತ್ತೆ ಮೆಲ್ಲಗೆ. “ಅಳಿಯನಿಗೆ ನಿಧಾನ ಹೋಗಿ ಅಂತ ಹೇಗಪ್ಪ ಹೇಳೋದು? ಬೇಜಾರು ಮಾಡ್ಕೊಂಡ್ರೆ ಅಂತ ಬಾಯಿ ಮುಚ್ಕೊಂಡಿದ್ದೆ. ಕಾಲು ಮಾತು ಕೇಳ್ಲಿಲ್ಲ.”

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆಪರೇಷನ್ ಆದ ಮಂಡಿಯಲ್ಲಿ ಪಾಪ, ಅಷ್ಟು ದಿನ ನನ್ನ ಕಾರಿಗೆ ಬ್ರೇಕು ಹಾಕಿದ್ದಾರೆ. “ಹೇಳ್ಬಾರ್ದಿತ್ತಾ ಅತ್ತೆ? ಮಂಡಿಗೆ ಎಷ್ಟು ನೋವಾಯ್ತೋ,” ಎಂದೆ.

“ಬಿಡಿ, ವ್ಯಾಯಾಮ ಆಯ್ತು.”

ವಾಪಸು ಬರುವಾಗ ದಾರಿಯಲ್ಲಿ ಮೆಕ್ಯಾನಿಕ್ ಸಿಕ್ಕಿದ. ಕಿಟಕಿಯ ಬಳಿ ಬಗ್ಗಿ, “ಏನ್ ಸಾರ್, ಶಬ್ದ ನಿಲ್ತಾ? ಯಾವ ಪಾರ್ಟು ಕೆಟ್ಟಿತ್ತು?” ಎಂದು ಕೇಳಿದ. ಸ್ಟೀರಿಂಗ್ ಹಿಡಿದಿದ್ದ ಹೆಂಡತಿ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಕದ್ದು ಹೋಗಿದ್ದೂ ಬಯಲಾಯಿತು.

ನಾನು ಬಾಯಿ ತೆರೆಯುವ ಮೊದಲೇ ಗೇರು ಹಾಕುತ್ತ ಅವಳು ಹೇಳಿದಳು: “ಸ್ಟೀರಿಂಗ್ ಹಿಂದೆ ಇತ್ತಲ್ಲ, ಅದು. ಬಿಚ್ಚಿ ಹಿಂದಿನ ಸೀಟಲ್ಲಿ ಇಟ್ಟಿದ್ದೀವಿ.”