ಮೂರನೇ ಗೇರಿನ ಸಿಳ್ಳೆ

ನಮ್ಮ ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಅರ್ಧಕ್ಕೆ ಮೆಕ್ಯಾನಿಕ್ ಬೇಕು, ಇನ್ನರ್ಧಕ್ಕೆ ಮಂತ್ರವಾದಿ. ಎರಡನೇ ಜಾತಿಯದ್ದು ಬಂದ ದಿನ ನನಗೆ ಹಬ್ಬ. ಹತ್ತನೇ ಕ್ಲಾಸಿನ ಗಣಿತ ನನ್ನನ್ನು ಕೈಬಿಟ್ಟ ಮೇಲೆ ಕುಂದಾಪುರದ ಈ ಸೋದರಮಾವನ ಗ್ಯಾರೇಜೇ ನನ್ನ ಕಾಲೇಜು. ಗಿರಾಕಿಗಳನ್ನು ಹೆದರಿಸುವುದು ನನ್ನ ಮುಖ್ಯ ವಿಷಯ: ಗಾಡಿಯಡಿ ಮಲಗಿ ನರಳುವುದು, ಡಿಕ್ಕಿಯೊಳಗೆ ಕೂತು ಬಡಿಯುವುದು. ಆದರೆ ಕೋಡಿ ಊರಿನ ಮೀನಿನ ಅಕ್ಕನ ಪಿಕಪ್ ಬಂದ ವಾರ ಹೆದರುವ ಪಾಳಿ ನನ್ನದಾಯಿತು.

೧. ಬೆಲ್ಟು

ಅದು ಅಕ್ಕನ ತೀರಿಹೋದ ಗಂಡನ ಗಾಡಿ. ಈಗ ಅವರೇ ಓಡಿಸಿ ಊರೂರು ಮೀನು ಮಾರುತ್ತಾರೆ.

"ಡೀಸೆಲ್ ನೀರ್ ಕುಡ್ದಂಗ್ ಕುಡಿತ್ತ್ ಮಾರ್ರೆ. ಮೈಲೇಜ್ ಬಪ್ಪಂಗೆ ಮಾಡಿ ಕೊಡಿ. ಆತಿಲ್ಲ ಅಂದ್ರೆ ಬ್ರಹ್ಮಾವರದ ಪಾರ್ಟಿಗೆ ಮಾರಿಯೇ ಬಿಡೂದ್," ಎಂದರು. ಬಾಯಿ ಹಾಗೆ ಹೇಳುತ್ತಿದ್ದರೂ ಕೈ ಸ್ಟೇರಿಂಗ್ ಬಿಟ್ಟಿರಲಿಲ್ಲ.

"ಒಂದು ರೌಂಡ್ ಹೋಗಿ ಎಂತ ಶಬ್ದ ಬತ್ತ್ ಕೇಂಡ್ಕಂಡ್ ಬಾ," ಎಂದು ಮಾವ ನನ್ನನ್ನು ಹತ್ತಿಸಿದರು. ನಾನು ಕಿಟಕಿ ಬದಿ ಕೂರಲು ಹೋದೆ.

"ಅಲ್ಲಿ ಬೇಡ ಮಾಣಿ. ನಡೂಗೆ ಕೂಕೊ," ಎಂದರು ಅಕ್ಕ.

ಗೇರಿನ ಎರಡೂ ಬದಿ ಕಾಲು ಹಾಕಿ ಕೂತೆ. ಕಿಟಕಿ ಬದಿಯ ಸೀಟು ಖಾಲಿ. ಕುಂಭಾಶಿಯ ಕಡೆ ತಿರುಗಿ ಮೂರನೇ ಗೇರು ಬಿದ್ದದ್ದೇ ತಡ, ಮುಂದಿನಿಂದ ಒಂದು ಸಣ್ಣ ಸಿಳ್ಳೆ. ಬಿರುಬಿಸಿಲಲ್ಲೂ ನಾನು ಅಕ್ಕನ ಕಡೆಗೆ ಸರಿದೆ.

"ಅ... ಅಕ್ಕಾ, ಅದೆಂತ?"

"ಹೆದ್ರಬೇಡ. ಅವ್ರೇ. ಬದ್ಕಿದ್ದಾಗ್ಳೂ ಗಾಡಿಯೊಳ್ಗೆ ಸಿಳ್ಳೆ ಹೊಡೀದೆ ಕೂಕಂಬವ್ರಲ್ಲ."

ಮುಂದೆ ಹೈವೇಯಲ್ಲಿ ಪೊಲೀಸರು ಕಂಡರು. ಅಕ್ಕ ಖಾಲಿ ಸೀಟಿನ ಕಡೆ ಗಲ್ಲ ತಿರುಗಿಸಿ, "ಏ ಮಾಣಿ, ಅವ್ರಿಗೆ ಬೆಲ್ಟ್ ಹಾಕ್. ಸುಮ್ನೆ ಫೈನ್ ಯಾಕೆ?" ಎಂದರು.

ಹಾಕಿದೆ. ನಡುವಿನ ಸೀಟಿಗೆ ಬೆಲ್ಟೇ ಇರಲಿಲ್ಲ. ಬದುಕಿರುವವನ ಕಥೆ ಯಾರಿಗೆ ಬೇಕು!

೨. ದೇವರ ಹೂವು

ಮಾರನೇ ದಿನ ಮಾವ ಮುಂದಿನ ಜಾಲರಿ ಬಿಚ್ಚಿದರು. ಒಳಗೆ, ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯನ್ನು ತಂಪು ಮಾಡುವ ಜಾಲಿ ಇರಬೇಕು. ಅದು ಕಾಣಲೇ ಇಲ್ಲ. ಕಂಡದ್ದು ಒಣಗಿದ ಹೂಮಾಲೆಗಳು, ಒಂದರ ಹಿಂದೆ ಒಂದು, ಕರ್ರಗೆ, ಯಾರದೋ ಜಡೆಯ ಹಾಗೆ. ಅಕ್ಕ ಪ್ರತಿ ಸಂಕಷ್ಟಿಗೆ ಆನೆಗುಡ್ಡೆ ದೇವಸ್ಥಾನದಲ್ಲಿ ಗಾಡಿಗೆ ಪೂಜೆ ಮಾಡಿಸಿ ಮಾಲೆ ಕಟ್ಟಿಸುತ್ತಿದ್ದರು. ದೇವರ ಹೂವನ್ನು ಕಿತ್ತು ಬಿಸಾಡುವುದು ಹೇಗೆ? ಹಳೆಯದನ್ನು ಒಳಗೆ ತುರುಕಿ ಹೊಸದು ಕಟ್ಟುವುದು.

ಮಾವ ಚಪ್ಪಲಿ ಕಳಚಿಟ್ಟು ಸ್ಪ್ಯಾನರ್ ಹಿಡಿದರು. ಮಾಲೆಗಳನ್ನು ಎಳೆಯುತ್ತಿದ್ದಂತೆ ಒಳಗಿಂದ ಒಣಗಿದ ನಿಂಬೆಹಣ್ಣೊಂದು ಬಿದ್ದು, ಉರುಳಿ ಉರುಳಿ ಸರಿಯಾಗಿ ನನ್ನ ಕಾಲ ಬುಡದಲ್ಲೇ ನಿಂತಿತು. ನಾನು ಬೆಂಚು ಹತ್ತಿದೆ.

"ದೇವ್ರ್ ಹೂವು ಗಾಳಿ ತಡಿತ್ತಾ?" ಪಕ್ಕದಲ್ಲೇ ನಿಂತಿದ್ದ ಅಕ್ಕನಿಗೆ ಸಿಟ್ಟು.

"ದೇವ್ರ್ ಇರ್ಲಿ ಅಕ್ಕ. ಗಾಳಿಗೂ ಚೂರು ಜಾಗ ಬಿಡ್ಕಲ್ದಾ?" ಎಂದರು ಮಾವ.

ಅಕ್ಕ ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿ ಹೊಳೆಗೆ ಬಿಡಲು ಹೊರಟರು. ಬೆಂಚಿನ ಮೇಲೆ ನಿಂತಿದ್ದ ನನ್ನನ್ನು ನೋಡಿ ಮಾವನಿಗೆ ಹೇಳಿದರು: "ಇವ್ನನ್ನೂ ಒಂದ್ಸಲ ಬಿಚ್ಚಿ ಕಾಣಿ. ಇವ್ನಿಗೂ ಗಾಳಿ ಸಮ ಹೋತಿಲ್ಲ."

೩. ಸಿಳ್ಳೆ ಫ್ರೀ

ಸಿಳ್ಳೆಯ ಮೂಲವೂ ಸಿಕ್ಕಿತು. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಹೋಗುವ ರಬ್ಬರ್ ಪೈಪಿನಲ್ಲಿ ಬೆರಳುದ್ದದ ಬಿರುಕು.

"ತಳ್ಳಿದ ಗಾಳಿ ಇಲ್ಲೇ ಸೋರಿ ಹೋತ್ತ್. ಗಾಳಿ ಕಮ್ಮಿ, ಡೀಸೆಲ್ ಜಾಸ್ತಿ, ಸಿಳ್ಳೆ ಫ್ರೀ," ಎಂದು ಮಾವ ಹೊಸ ಪೈಪ್ ಹಾಕಿ ಕ್ಲಿಪ್ ಬಿಗಿದರು. ಗಾಡಿ ಬೆಣ್ಣೆಯ ಹಾಗೆ ಓಡಿತು.

ಎರಡು ದಿನ ಕಳೆದು ಅಕ್ಕ ಬಂದರು. ಮುಖ ಸಣ್ಣದಾಗಿತ್ತು. "ಮೈಲೇಜ್ ಲಾಯ್ಕ್ ಬತ್ತ್. ಆದ್ರೆ ಒಬ್ಳೇ ಹೋಪುಕೆ ಆತಿಲ್ಲ. ಹಳೇ ಪೈಪೇ ಹಾಕಿ."

"ಹಳೇದ್ ಹಾಕ್ರೆ ಮತ್ತೆ ಡೀಸೆಲ್ ಕುಡಿತ್ತ್. ಮತ್ತೆ ಮಾರೂದೇ," ಎಂದರು ಮಾವ.

"ಹಾಂಗಾರೆ ಅವ್ರ್ ಇಲ್ದಿದ್ ಗಾಡಿ ಇಟ್ಕಂಡ್ ಎಂತ ಮಾಡೂದ್? ನಾಳೆ ಒಂದಿನ ಕಾದ್ ಕಾಂತೆ. ಅವ್ರ್ ಬತ್ತಿಲ್ಲ ಅಂದ್ರೆ ಮಾರೂದೇ."

ಹೊಸ ಪೈಪ್ ಇಟ್ಟರೂ ಮಾರಾಟ, ತೆಗೆದರೂ ಮಾರಾಟ. ಮಾವನ ಇಷ್ಟು ವರ್ಷದ ಸರ್ವಿಸಿನಲ್ಲಿ ಹೆಂಗಸೊಬ್ಬಳು ಗಂಡನನ್ನು ಫಿಟ್ ಮಾಡಿ ಕೊಡಿ ಎಂದದ್ದು ಇದೇ ಮೊದಲು.

೪. ಉಳಿದರ್ಧ

ಇಂಥ ಕೇಸಿಗೆ ನಾನೇ ಬೇಕಲ್ಲ! ಮಾರನೇ ದಿನ ಅಕ್ಕ ಶಂಕರನಾರಾಯಣ ಪೇಟೆಯ ಕಡೆ ಹೊರಟಾಗ ಹಿಂದೆ ಮೀನಿನ ಪೆಟ್ಟಿಗೆಗಳ ನಡುವೆ ಟಾರ್ಪಾಲು ಹೊದ್ದು ಅಡಗಿದೆ. ಬೆನ್ನಿಗೆ ಐಸ್ ನೀರು, ಮೂಗಿಗೆ ಬಂಗುಡೆ. ಎರಡೂ ಬದಿ ಕಾಡು ಬಂತು. ಹಾಡುಹಗಲಲ್ಲೂ ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಮೂರನೇ ಗೇರು ಬಿತ್ತು. ಅಕ್ಕನ ಗಂಡನ ಪರವಾಗಿ ತುಟಿ ಮಡಚಿ ಸಿಳ್ಳೆ ಊದಿದೆ. ಬಾಯಿಗೆ ಬಂದದ್ದು ಸಣ್ಣವನಿರುವಾಗ ಕೇಳಿದ ಒಂದು ಹಾಡು. ಗೊತ್ತಿದ್ದದ್ದು ಅರ್ಧವೇ. ಅಲ್ಲಿಗೆ ನಿಲ್ಲಿಸಿದೆ.

ಉಳಿದರ್ಧ ಮುಂದಿನಿಂದ ಬಂತು.

ನಾನು ಕೈಯಿಂದ ಬಾಯಿ ಮುಚ್ಚಿಕೊಂಡೆ. ಸಿಳ್ಳೆ ಹಾಡು ಮುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡಿತು. ಗಾಡಿ ನಿಂತಿತು. ಅಕ್ಕ ಹಿಂದೆ ಬಂದು ಟಾರ್ಪಾಲು ಎತ್ತಿದರು. ಅವರ ಬಾಯಿ ತುಂಬ ಎಲೆಯಡಿಕೆ. ಊದುವುದಿರಲಿ, ಮಾತಾಡಲಿಕ್ಕೂ ಉಗಿಯಬೇಕಾಯಿತು.

"ಹ್ವಾಯ್, ಇಬ್ರೂ ಒಟ್ಟಿಗೆ ಊದ್ಬೇಡಿ. ನಿಂದ್ ರಾಗ ಸಮ ಇಲ್ಲ, ಅವ್ರಿಗೆ ಸಿಟ್ಟ್ ಬತ್ತ್," ಎಂದರು. ಕಣ್ಣು ಒರೆಸಿಕೊಂಡು, "ನಿನ್ನ ಮಾವನಿಗೆ ಹೇಳ್, ಹೊಸ ಪೈಪೇ ಇರ್ಲಿ. ಗಾಡಿ ಮಾರೂದಿಲ್ಲ. ಬಾ, ಮುಂದೆ ಕೂಕೊ."

ನಾನು ಸೀದಾ ನಡುವಿನ ಸೀಟಿಗೆ ಹೋದೆ. ಯಾರೂ ಹೇಳದೆಯೇ ಕಿಟಕಿ ಬದಿಯ ಬೆಲ್ಟ್ ಎಳೆದು ಹಾಕಿದೆ. ಸ್ವಲ್ಪ ಸಡಿಲವಾಗಿಯೇ ಹಾಕಿದೆ. ಸಿಳ್ಳೆ ಹೊಡೆಯುವವರಿಗೆ ಉಸಿರಾಡಲು ಜಾಗ ಬೇಕಲ್ಲ.