ಹೊಕ್ಕುಳು ಮುಚ್ಚುವ ಜೀನ್ಸ್

"ಏಳ್ರೀ ಮೇಲೆ! ಮೊದಲು ಎದ್ದು ನಿಂತ್ಕೊಳ್ಳಿ! ಇದೇನು ಅಡುಗೆಮನೆಯೋ, ಸ್ನಾನದ ಕೊಳವೋ?"

ಸಿಂಕಿನ ಕೆಳಗೆ ಅರ್ಧ ಮೈ ತೂರಿಸಿಕೊಂಡಿದ್ದ ನಲ್ಲಿಯಣ್ಣ ಗಾಬರಿಯಿಂದ ತಲೆ ಎತ್ತಿ ಪೈಪಿಗೆ ಬಡಿಸಿಕೊಂಡ.

"ಏನಾಯ್ತು ಟೀಚರಮ್ಮಾ? ಒಂದು ವಾಷರ್ ಹಾಕೋದು ಬಾಕಿ, ಅಷ್ಟೇ."

"ವಾಷರ್ ಮನೆ ಹಾಳಾಗ! ನಿಮ್ಮ ಪ್ಯಾಂಟು ಎಲ್ಲಿಗೆ ಹೋಗಿದೆ ಅಂತ ಗೊತ್ತೇನ್ರೀ ನಿಮಗೆ? ಅರ್ಧ ಗಂಟೆಯಿಂದ ಗೋಡೆ ನೋಡ್ಕೊಂಡು ಕೂತಿದ್ದೀನಿ. ನೀರು ಕುಡಿಯೋಕೆ ಬಂದ ಸೊಸೆ ಬಾಯಾರಿಕೆ ಸಮೇತ ವಾಪಸ್ ಹೋದಳು!"

ನಲ್ಲಿಯಣ್ಣ ಕೈ ಹಿಂದಕ್ಕೆ ಹಾಕಿ ನೋಡಿಕೊಂಡ. ನಿಜ. ಅಂಗಿ ಬೆನ್ನು ಹತ್ತಿತ್ತು, ಜೀನ್ಸ್ ಇಳಿದಿತ್ತು, ನಡುವೆ ಇರಬಾರದಷ್ಟು ಗಾಳಿ ಬೆಳಕು.

"ನಾನೇನ್ ಮಾಡ್ಲಿ ಅಮ್ಮಾ? ಹೊಲಿದಿರೋದೇ ಹೀಗೆ. ಬಗ್ಗಿದ್ರೆ ಇಳಿಯುತ್ತೆ."

"ಹಾಗಾದ್ರೆ ಬಗ್ಗಬೇಡಿ!"

"ಬಗ್ಗದೆ ಸಿಂಕಿನ ಕೆಳಗೆ ಕೈ ಹಾಕೋಕೆ ನನಗೇನು ಆನೆ ಥರ ಸೊಂಡಿಲಿದೆಯಾ?"

ಈ ಮಾತು ಆಡಬಾರದಿತ್ತು. ಟೀಚರಮ್ಮ ಮೂವತ್ತು ವರ್ಷ ಮಕ್ಕಳಿಗೆ ಎದುರುತ್ತರ ಮರೆಸಿದವರು. ನೆಟ್ಟಗೆ ಅವನನ್ನು ಕೆಲಸಕ್ಕೆ ಕಳಿಸುವ ಕಂಟ್ರಾಕ್ಟರಿಗೆ ಫೋನ್ ಮಾಡಿದರು. ನಲ್ಲಿಯಣ್ಣ ಗೇಟು ದಾಟುವ ಮೊದಲೇ ಅವನ ಜೇಬಿನ ಫೋನು ಅರಚಿತು.

"ಲೋ, ಇವತ್ತು ನಾಲ್ಕು ಗಂಟೆಗೆ ಆಸ್ಪತ್ರೆಯಲ್ಲಿ ಏನಿದೆ, ನೆನಪಿದೆಯೇನೋ?"

ಮರೆಯುವುದು ಹೇಗೆ? ಊರಿನ ದೊಡ್ಡ ಆಸ್ಪತ್ರೆ ಒಬ್ಬ ನಲ್ಲಿ ಕೆಲಸದವನನ್ನು ಖಾಯಂ ಮಾಡಿಕೊಳ್ಳುತ್ತಿತ್ತು. ಹನ್ನೊಂದು ವರ್ಷದಿಂದ ಯಾರ ಮನೆಯ ಪೈಪು ಒಡೆದೀತೆಂದು ಫೋನು ನೋಡುತ್ತಾ ಕೂತವನಿಗೆ ಇದು ಬಿಟ್ಟರೆ ಇನ್ನೊಂದಿಲ್ಲ. ನೀಲಿ ಜೀನ್ಸ್, ಬಿಳಿ ಅಂಗಿ, ಅಂಗಿ ಒಳಗೆ ಸಿಕ್ಕಿಸಿರಬೇಕು ಎಂದು ಅವರು ಬರೆದೇ ಕಳಿಸಿದ್ದರು. ಎದುರಿಗೇ ಕೆಲಸ ಮಾಡಿಸಿ ನೋಡುತ್ತಾರಂತೆ.

"ಅಲ್ಲಿ ರೋಗಿಗಳಿಗೆ ಹೀಗೆ ದರ್ಶನ ಕೊಟ್ಟರೆ ನಿನ್ನ ಜೊತೆ ನನ್ನ ಮಾನವೂ ಹೋಗುತ್ತೆ. ಹೊಕ್ಕುಳು ಮುಚ್ಚೋ ಜೀನ್ಸ್ ಹಾಕ್ಕೊಂಡು ಬಾ. ಇಲ್ಲಾಂದ್ರೆ ಬರಲೇಬೇಡ, ಬೇರೆಯವನನ್ನ ಕಳಿಸ್ತೀನಿ."

ಇದರಲ್ಲಿ ನಲ್ಲಿಯಣ್ಣನ ತಪ್ಪೇನು ಹೇಳಿ. ಅವನ ಅಪ್ಪನ ಕಾಲದಲ್ಲಿ ಪ್ಯಾಂಟು ಅಂದರೆ ಹೊಕ್ಕುಳಿನ ಮೇಲೆ ಯಜಮಾನನ ಹಾಗೆ ಕೂರುತ್ತಿತ್ತು. ಯಾವ ಪುಣ್ಯಾತ್ಮ ಯಾವಾಗ ಬಂದು ನಾಲ್ಕು ಬೆರಳು ಬಟ್ಟೆ ಕತ್ತರಿಸಿಕೊಂಡು ಹೋದನೋ ಗೊತ್ತಿಲ್ಲ. ಬೆಲೆ ಮೇಲೆ ಹೋಯಿತು, ಸೊಂಟ ಕೆಳಗೆ ಬಂತು. ಬೈಸಿಕೊಳ್ಳುವವನು ಮಾತ್ರ ಹಾಕಿಕೊಂಡವನು.

ಮನೆಗೆ ಬಂದರೆ ಹೆಂಡತಿ, "ಬೆಲ್ಟು ಬಿಗಿ ಮಾಡಿ" ಅಂದಳು.

"ಬಿಗಿ ಮಾಡಿದರೆ ಹೊಟ್ಟೆ ಅದನ್ನ ಕೆಳಕ್ಕೆ ನೂಕುತ್ತೆ ಕಣೇ."

"ಹೊಟ್ಟೆ ಇಳಿಸಿ ಅಂತ ಐದು ವರ್ಷದಿಂದ ಬಡ್ಕೋತಾ ಇದ್ದೀನಿ."

"ನಾಲ್ಕು ಗಂಟೆಯೊಳಗೆ ಇಳಿಸಲಾ?"

ಪಕ್ಕದ ಮನೆಯ ಕಿಟಕಿ ತೆರೆಯಿತು. ರಿಟೈರಾದ ಬಸ್ ಕಂಡಕ್ಟರು ತಲೆ ಹೊರಗೆ ಹಾಕಿದರು. ಯಾರ ಮನೆಯ ಜಗಳವೂ ಅವರಿಗೆ ಟಿಕೆಟ್ ಇಲ್ಲದ ಪ್ರಯಾಣ.

"ನಲ್ಲಿಯಣ್ಣಾ, ಒಬ್ಬನೇ ಹೋಗಬೇಡ. ನಿನ್ನ ಬೆನ್ನು ನಿನಗೆ ಕಾಣುತ್ತಾ? ಹಿಂದೆ ನಿಂತು ನೋಡೋಕೆ ಒಬ್ಬ ಬೇಕು. ತಡಿ, ಚಪ್ಪಲಿ ಹಾಕ್ಕೊಂಡು ಬಂದೆ."

ಬೇಡ ಎನ್ನುವಷ್ಟರಲ್ಲಿ ಅವರು ಬೀದಿಯಲ್ಲಿದ್ದರು.

ಮೊದಲ ಅಂಗಡಿ ಮೂರು ಮಹಡಿಯದು. ಬಾಗಿಲಲ್ಲಿ ನಿಂತಿದ್ದ ಹುಡುಗಿ ಕೇಳಿದಳು, "ಸ್ಲಿಮ್ಮಾ ಅಂಕಲ್, ಸ್ಕಿನ್ನಿನಾ?"

"ಹೊಕ್ಕುಳು ಮುಚ್ಚೋದು ಕೊಡಮ್ಮಾ."

"ಓ, ಹೈ ರೈಸಾ? ಅದು ಲೇಡೀಸ್‌ಗೆ, ಮೇಲಿನ ಮಹಡಿ. ಜೆಂಟ್ಸ್‌ಗೆ ಬರಲ್ಲ."

"ಯಾಕೆ, ಜೆಂಟ್ಸ್‌ಗೆ ಹೊಕ್ಕುಳಿಲ್ವಾ?"

ಹುಡುಗಿ ಸ್ವಲ್ಪ ಯೋಚಿಸಿ, ಇದ್ದುದರಲ್ಲಿ ಎತ್ತರದ್ದೆಂದು ಒಂದು ತಂದುಕೊಟ್ಟಳು. ಎರಡೂ ಮೊಣಕಾಲು ಹರಿದಿತ್ತು.

"ಅದು ಫ್ಯಾಶನ್ ಅಂಕಲ್."

"ಹಿಂದೆ ಕಾಣುತ್ತೆ ಅಂತ ಬಂದರೆ ಮುಂದೂ ತೆರೆದು ಕಳಿಸ್ತೀಯೇನಮ್ಮಾ!"

ಹರಿಯದ್ದನ್ನೆಲ್ಲ ರಾಶಿ ಹಾಕಿಸಿಕೊಂಡು ಅವನು ಬಟ್ಟೆ ಹಾಕಿ ನೋಡುವ ಗೂಡಿಗೆ ಹೋದ. ಒಂದು ಹಾಕಿ ಮುಗಿಸುವುದೇ ತಡ, ಕಂಡಕ್ಟರು ಪರದೆ ಸರ್ರೆಂದು ಎಳೆದು, ಬಸ್ಸಿನ ಕೊನೆ ಸೀಟಿಗೂ ಕೇಳುವ ದನಿಯಲ್ಲಿ, "ರೈಟ್! ಬಗ್ಗು!" ಅಂದರು.

ಬಗ್ಗಿದ.

"ಹೋಲ್ಡಾನ್! ಕಾಣ್ತು! ಮುಂದಿನದು!"

ಮೂರನೆಯ ಜೀನ್ಸಿಗೆ ಅಂಗಡಿಯಲ್ಲಿದ್ದವರೆಲ್ಲ ಸುತ್ತ ಸೇರಿದರು. "ಇನ್ನೆರಡು ಇಂಚು ಬೇಕಿತ್ತು" ಎಂದು ಒಬ್ಬ ಮುದುಕ ತೀರ್ಪು ಕೊಟ್ಟ. "ನಮ್ಮನೆಯವರದ್ದೂ ಇದೇ ಗೋಳು, ನಾನು ಇವರ ಹಿಂದೆ ನಡೆಯೋದೇ ಬಿಟ್ಟಿದ್ದೀನಿ" ಎಂದು ಒಬ್ಬ ಹೆಂಗಸು ಗುರುತಿಲ್ಲದವರ ಮುಂದೆ ಸಂಸಾರ ಬಿಚ್ಚಿಟ್ಟಳು. ಏಳನೆಯದಕ್ಕೆ ನಲ್ಲಿಯಣ್ಣನ ಮುಖ ಕಾದ ಬೋಗುಣಿಯಂತಾಗಿತ್ತು.

ಎರಡನೆಯ ಅಂಗಡಿಯವನು ಜೀನ್ಸ್ ಬಿಟ್ಟು, ಹೆಗಲಿಂದ ಪ್ಯಾಂಟು ಹಿಡಿದೆಳೆಯುವ ಎಲಾಸ್ಟಿಕ್ ಪಟ್ಟಿ ತೋರಿಸಿದ. "ಇದು ಹಾಕಿದ್ರೆ ಭೂಕಂಪ ಆದ್ರೂ ಇಳಿಯಲ್ಲ ಸಾರ್." ನಲ್ಲಿಯಣ್ಣ ಹಾಕಿಕೊಂಡು ಬಗ್ಗಿದ. ಹಿಂದಿನ ಕ್ಲಿಪ್ಪು ಕಳಚಿ, ಕವಣೆ ಕಲ್ಲಿನ ಹಾಗೆ ಹಾರಿ ಅಂಗಡಿಯವನ ಕನ್ನಡಕಕ್ಕೆ ಬಡಿಯಿತು. ನಲ್ಲಿಯಣ್ಣನೂ ಕಂಡಕ್ಟರೂ ಓಡಿದರು. ಓಡುವಾಗಲೂ ನಲ್ಲಿಯಣ್ಣನ ಒಂದು ಕೈ ಸೊಂಟದ ಮೇಲೆ.

ಎರಡೂವರೆಗೆ ಒಂದು ಸಂದಿಯಲ್ಲಿ ಒಬ್ಬ ಹಳೆಯ ವ್ಯಾಪಾರಿಯ ಅಂಗಡಿ ಸಿಕ್ಕಿತು. ವಿಷಯ ಕೇಳಿದ ಆತ ಏಣಿ ಹತ್ತಿ, ಅಟ್ಟದಿಂದ ಒಂದು ಗಂಟು ಕೆಡವಿದ. ಧೂಳಿಗೆ ಮೂವರೂ ಸೀನಿದರು.

"ನಮ್ಮಪ್ಪ ತರಿಸಿದ ಮಾಲು. ಸೊಂಟ ಮೇಲಾಯ್ತು ಅಂತ ಯಾರೂ ಮುಟ್ಟಲಿಲ್ಲ. ನೋಡಿ, ನಿಮ್ಮ ಅಳತೆ ಒಂದೇ ಒಂದಿದೆ."

ಜೀನ್ಸಲ್ಲ, ತಗಡು. ಬಿಟ್ಟರೆ ತನ್ನಷ್ಟಕ್ಕೆ ನಿಲ್ಲುತ್ತಿತ್ತು. ಜಿಪ್ ಇಲ್ಲ, ಬೆಲ್ಟು ಬೇಕಿಲ್ಲ, ನಾಲ್ಕು ಹಿತ್ತಾಳೆ ಗುಂಡಿ. ನಲ್ಲಿಯಣ್ಣ ಗಂಟಿನ ಮರೆಯಲ್ಲಿ ಏರಿಸಿಕೊಂಡ. ಹೊಕ್ಕುಳು ದಾಟಿ ಎರಡು ಬೆರಳು ಮೇಲೆ ಬಂದು ಅದು ನಿಂತಿತು.

"ಸುಮ್ಮನೆ ನಿಂತರೆ ಆಗಲ್ಲ, ಕೆಲಸ ಮಾಡು!" ಅಂದರು ಕಂಡಕ್ಟರು. ಅವನು ಮಂಡಿಯೂರಿದ. ನಾಲ್ಕು ಕಾಲಲ್ಲಿ ತೆವಳಿದ. ಅಂಗಾತ ಮಲಗಿ ಬೆಂಚಿನ ಕೆಳಗೆ ತಲೆ ತೂರಿಸಿ, ಇಲ್ಲದ ನಲ್ಲಿ ತಿರುಗಿಸಿದ. ಹಿಂದೆ ಹಿಂದೆ ಕಂಡಕ್ಟರು ಮೊಬೈಲಿನ ದೀಪ ಹಿಡಿದು, ಫುಟ್‌ಬೋರ್ಡಿನಲ್ಲಿ ನೇತಾಡುವವರನ್ನು ಪತ್ತೆಹಚ್ಚುವಂತೆ ಬಗ್ಗಿ ಬಗ್ಗಿ ನೋಡಿದರು.

"ಒಂದು ಕೂದಲೆಳೆ ಕಾಣಲ್ಲ ಕಣಯ್ಯಾ!"

ನಲ್ಲಿಯಣ್ಣನ ಕಣ್ಣಲ್ಲಿ ನೀರು ಬಂತು. ಧೂಳಿಗಲ್ಲ.

ನಾಲ್ಕಕ್ಕೆ ಸರಿಯಾಗಿ ಆಸ್ಪತ್ರೆಯಲ್ಲಿದ್ದ. ಮ್ಯಾನೇಜರು, ಒಣಗಿದ ಕಡ್ಡಿಯಂಥ ಮನುಷ್ಯ, ಸೋರುವ ಒಂದು ಬೇಸಿನ್ ತೋರಿಸಿ ಹಿಂದೆ ನಿಂತರು. ನಲ್ಲಿಯಣ್ಣ ಮಂಡಿಯೂರಿದ, ತೂರಿದ, ಮಗುಚಿದ, ಹತ್ತು ನಿಮಿಷದಲ್ಲಿ ಎದ್ದ. ನೀರು ನಿಂತಿತ್ತು. ಸಿಕ್ಕಿಸಿದ ಅಂಗಿ ಸಿಕ್ಕಿಸಿದಂತೆಯೇ ಇತ್ತು.

"ಭೇಷ್! ಬೆಳಿಗ್ಗೆ ಬಂದ ಇಬ್ಬರನ್ನ ನೋಡಿ ನರ್ಸುಗಳು ಬಾಗಿಲು ಹಾಕ್ಕೊಂಡಿದ್ದರು" ಅಂದರು ಮ್ಯಾನೇಜರು. "ನಿಮ್ಮಂಥ ಮರ್ಯಾದಸ್ಥರನ್ನ ಬೇಸಿನ್ ಕೆಳಗೆ ಮಲಗಿಸೋದು ಪಾಪ ಕಣ್ರೀ. ಅದಕ್ಕೆ ಬೇರೆ ಜನ ಸಿಗ್ತಾರೆ. ನಮ್ಮ ದೂರು ಬರೆದುಕೊಳ್ಳೋ ಕುರ್ಚಿ ಖಾಲಿ ಇದೆ. ನೀವು ಅಲ್ಲಿ ಕೂತು ಕೆಲಸ ಹಂಚಿ, ಸಾಕು. ಆರು ಗಂಟೆಗೆ ದೊಡ್ಡ ಡಾಕ್ಟರು ಬಂದು ಸಹಿ ಹಾಕ್ತಾರೆ. ಹೋಗಿ, ಈಗಲೇ ಕೂತ್ಕೊಳ್ಳಿ."

ನಲ್ಲಿಯಣ್ಣ ಹೆಂಡತಿಗೆ ಫೋನ್ ಮಾಡಿದ. "ಕುರ್ಚಿ ಕಣೇ! ಕುರ್ಚಿ ಕೊಟ್ಟವ್ರೆ!"

ಆಫೀಸಿನ ಸಾಲು ಮೇಜುಗಳ ನಡುವಿನ ಆ ಕುರ್ಚಿಗೆ ಹೋಗಿ ಕೂತ. ಕೂತ ಕೂಡಲೇ ಮೊದಲ ಗುಂಡಿ ಹೊಟ್ಟೆಗೆ ಮೊಳೆಯಂತೆ ಇಳಿಯಿತು.

ಮಂಡಿಯೂರಿ ನೋಡಿದ್ದ, ತೆವಳಿ ನೋಡಿದ್ದ, ಅಂಗಾತ ಮಲಗಿ ನೋಡಿದ್ದ. ಕುರ್ಚಿಯ ಮೇಲೆ ಕೂತು ನೋಡಬೇಕೆಂದು ಅವನಿಗೆ ಹೊಳೆದಿರಲಿಲ್ಲ. ನಲ್ಲಿ ಕೆಲಸಕ್ಕೆ ಬಂದವನಿಗೆ ಕುರ್ಚಿ ಕೊಡುವವರು ಯಾರು? ಕಂಡಕ್ಟರಿಗೂ ಹೊಳೆದಿರಲಿಲ್ಲ. ಅವರು ಮೂವತ್ತು ವರ್ಷ ನಿಂತೇ ಟಿಕೆಟ್ ಹರಿದವರು.

ಐದು ಗಂಟೆಗೆ ಆ ತಗಡಿನ ಪಟ್ಟಿ ಪಕ್ಕೆಲುಬಿನ ಕೆಳಗೆ ಗೂಟ ಹೊಡೆದು ಕೂತಿತ್ತು. ಒಬ್ಬ ನರ್ಸು ಬಂದು ಮೂರನೇ ಮಹಡಿಯ ನಲ್ಲಿ ತೊಟ್ಟಿಕ್ಕುತ್ತಿದೆ ಅಂದಳು.

"ಬರ್... ಕೊಂ... ಡೆ."

"ಯಾಕಣ್ಣಾ, ಉಸಿರಾಟದ ತೊಂದರೆನಾ? ಇಂಜೆಕ್ಷನ್ ಹಾಕಿಸಲಾ?"

"ಬೇ... ಡಮ್ಮಾ."

ಅವಳು ಹೋದ ಮೇಲೆ ಅವನು ಆಚೆ ಈಚೆ ನೋಡಿ, ಮೇಜಿನ ಕೆಳಗೆ ಕೈ ಇಳಿಸಿ ಒಂದು ಗುಂಡಿ ಬಿಚ್ಚಿದ. ಆಹಾ! ಸ್ವರ್ಗಕ್ಕೆ ಮೂರೇ ಗೇಣು. ಆ ಮೂರು ಗೇಣು ತಾನೇ ಯಾಕೆ ಅಂದುಕೊಂಡು ಉಳಿದ ಮೂರನ್ನೂ ಬಿಚ್ಚಿದ. ಇಡೀ ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಸಿರೆಳೆದು, ನಾಲ್ಕು ದೂರು ದುಂಡಗೆ ಬರೆದ.

ಆರು ಗಂಟೆಗೆ ಮ್ಯಾನೇಜರನ್ನು ಹಿಂದಿಟ್ಟುಕೊಂಡು ದೊಡ್ಡ ಡಾಕ್ಟರು ಬಂದರು. ಅವರ ಹಿಂದೆ ಎಂಟು ಜನ ನರ್ಸುಗಳು. ಸಾಲು ಸಾಲು ಮೇಜುಗಳಲ್ಲಿದ್ದವರು ಕೆಂಡ ತುಳಿದವರಂತೆ ಎದ್ದು ನಿಂತರು. ದೊಡ್ಡವರು ಬಂದಾಗ ಎಲ್ಲರೂ ಎದ್ದರೆ ತಾನೊಬ್ಬ ಕೂತಿರುವುದೇ? ನಲ್ಲಿಯಣ್ಣನೂ ಗೌರವದಿಂದ ಎದ್ದ.

ಜೀನ್ಸ್ ಏಳಲಿಲ್ಲ.

ತಗಡು ಬಿದ್ದ ಸದ್ದಾಯಿತು. ದೊಡ್ಡ ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಇವರು ಯಾವ ವಾರ್ಡಿನ ಪೇಶೆಂಟು?"

ಮ್ಯಾನೇಜರು ಕಿರುಚಿದರು. "ಎತ್ಕೊಳ್ರೀ ಅದನ್ನ!"

ಬೆಳಗಿನಿಂದ ಬಗ್ಗಬೇಡ ಎಂದು ಬೈಸಿಕೊಂಡವನಿಗೆ ಈಗ ಬಗ್ಗದೆ ಗತಿಯಿರಲಿಲ್ಲ. ಬಗ್ಗಿದ. ಹಿಂದಿನ ಮೇಜಿನ ಹೆಂಗಸರು ಒಟ್ಟಿಗೆ ಗೋಡೆಗೆ ತಿರುಗಿದರು. ಅವನು ಎರಡೂ ಕೈಯಲ್ಲಿ ಸೊಂಟ ಹಿಡಿದು, ಯಾರ ಮುಖವನ್ನೂ ನೋಡದೆ, ದೂರಿನ ಪುಸ್ತಕದ ಪಕ್ಕ ಹಾಯ್ದು ಬಾಗಿಲಿಗೆ ನಡೆದ.

ಗೇಟಿನಲ್ಲಿ ಕಂಟ್ರಾಕ್ಟರು ಕಾಯುತ್ತಿದ್ದರು. "ಏನಾಯ್ತೋ? ಸಹಿ ಬಿತ್ತಾ?"

"ಬಿತ್ತು" ಎಂದು ಹಲ್ಲು ಕಡಿದು, ನಿಲ್ಲದೆ ಮುಂದೆ ಹೋದ.

ಒಳಗೆ ಕುರ್ಚಿ ಇನ್ನೂ ಬಿಸಿಯಾಗಿತ್ತು. ಅದರ ಹತ್ತಿರ ಅವನು ಮತ್ತೆ ಸುಳಿಯಲಿಲ್ಲ.