ಬಾಡಿಗೆ ಮನೆ ಬರೆಸಿಕೊಂಡದ್ದು

ರಿಜಿಸ್ಟರ್ ಆಫೀಸಿನ ಕಡೆ ಒಂದು ಸಲ ಕಾಲಿಟ್ಟರೆ ಸಾಕು, ನಗು ಬರೋ ಅಂಥವು ಒಂದರ ಹಿಂದೆ ಒಂದು ಆಗ್ತಾನೇ ಇರ್ತವೆ. ನಗೋ ಸ್ಥಿತೀಲಿ ನಾನಿರಲಿಲ್ಲ. ಆದರೆ ನಗು ಹೇಳಿ ಕೇಳಿ ಬರಲ್ಲ.

ಮಧುಗಿರಿ ಕೋರ್ಟಿನ ಹತ್ತಿರ ನಂದು ಇಸ್ತ್ರಿ ಅಂಗಡಿ. ಅಂಗಡಿ ಅಂದರೆ ಬಾಡಿಗೆ ಮನೆಯ ಮುಂದಿನ ರೂಮು. ಹಿಂದಿನ ರೂಮಲ್ಲಿ ನಾನು, ನನ್ನ ಹೆಂಡತಿ. ಮಕ್ಕಳಿಲ್ಲ. ಮನೆ ಒಡತಿ ವಯಸ್ಸಾದಾಕೆ, ವೈ.ಎನ್.ಹೊಸಕೋಟೇಲಿ ಇರೋದು. ಮಾರಿದರೆ ನಿಮಗೇ ಮಾರ್ತೀನಿ ಅಂತ ನನ್ನ ಹೆಂಡತಿಗೆ ಮಾತು ಕೊಟ್ಟಿದ್ದರು. ಇಬ್ಬರೂ ಸೇರಿ ದುಡ್ಡು ಕೂಡಿಟ್ಟೆವು. ಅಷ್ಟರಲ್ಲಿ ಅವಳು ಹೋಗಿಬಿಟ್ಟಳು.

ಒಂದಿನ ಒಡತಿ ಫೋನ್ ಮಾಡಿದರು. "ಯುಗಾದಿ ಒಳಗೆ ಬರೆಸ್ಕಳಪ್ಪ. ಆ ಜಾಗದ ಮ್ಯಾಲೆ ನಿನ್ನ ಪಕ್ಕದ ಅಂಗಡಿಯೋನು ಕಣ್ಣು ಹಾಕವ್ನೆ. ನನ್ನ ಅಳಿಯ ಅವನ ಕಡೀಕೆ ವಾಲ್ತಾವ್ನೆ. ಹಬ್ಬ ಕಳೆದ್ರೆ ನನ್ನ ಮಾತು ನಡಿಯಾಕಿಲ್ಲ."

ಅವನು ತಗೊಂಡರೆ ಮನೆ ಕೆಡವಿ ಗೋಡೌನ್ ಕಟ್ತಾನೆ. ಒಲೆ ಪಕ್ಕದ ಗೋಡೆ ಮೇಲೆ ನನ್ನ ಹೆಂಡತಿ ಕೈ ಊರಿ ಊರಿ ಎದ್ದ ಗುರುತಿದೆ. ಅದನ್ನ ಎಲ್ಲಿಗೆ ಹೊತ್ಕೊಂಡು ಹೋಗ್ಲಿ?

ಕೋಟು ನೋಡಿ ವಕೀಲರು

ನಂಗೆ ಓದು ಅಷ್ಟಾಗಿ ಬರಲ್ಲ. ಬೋರ್ಡು ಓದಿ ವಕೀಲರನ್ನ ಆರಿಸೋಕಾಗಲ್ಲ. ಕೋಟು ನೋಡಿ ಆರಿಸಿದೆ. ಊರಿನ ಅರ್ಧ ಕರೀ ಕೋಟು ನನ್ನ ಕೈಗೇ ಬರೋದು.

ಒಬ್ಬರ ಕೋಟು ಯಾವಾಗ ಬಂದರೂ ನಾನು ಹಾಕಿದ ಮಡಿಕೆ ಹಾಕಿದ ಹಾಗೇ ಇರ್ತಿತ್ತು. ಕಾಲರಿನಲ್ಲಿ ಬೆವರಿಲ್ಲ, ಜೇಬಿನಲ್ಲಿ ಕಸ ಇಲ್ಲ. ಶಿಸ್ತಿನ ಮನುಷ್ಯ ಅಂದುಕೊಂಡು ಅವರ ಹತ್ತಿರ ಹೋದೆ. ಅವರು ನನ್ನ ಕಾಗದ ಎಲ್ಲ ತಿರುವಿ ಹಾಕಿದರು. ಇನ್ನೊಂದು ಸಲ ತಿರುವಿದರು. "ಕ್ರಯ ಅಂದ್ರೆ ಮೊದಲು ಏನು ಮಾಡ್ಬೇಕು ಅಂತ ಯಾರನ್ನಾದ್ರೂ ಕೇಳಿ ಹೇಳ್ತೀನಿ" ಅಂದರು.

ಟೀ ಅಂಗಡಿಯವನಿಗೆ ಹೇಳಿದೆ. ಅವನು ಸೌಟು ಕೆಳಗಿಟ್ಟು ನಕ್ಕ. "ಲೇ, ಕೋಟು ಕೋರ್ಟಿಗೆ ಹೋದ್ರೆ ತಾನೆ ಮಡಿಕೆ ಕೆಡೋದು? ಆಯಪ್ಪ ಅದನ್ನ ಹಾಕ್ಕಳದು ಆಗಸ್ಟ್ ಹದಿನೈದಕ್ಕೆ, ಬಾವುಟ ಹಾರಿಸಾಕೆ ಕಣ್ಲಾ!"

ಹುಣಸೇಮರ

ಕೊರಟಗೆರೇಲಿ ಒಬ್ಬ ಪತ್ರ ಬರಹಗಾರರು ಬೇಗ ಮಾಡಿಕೊಡ್ತಾರೆ ಅಂತ ಯಾರೋ ಹೇಳಿದರು. ಹೋದೆ. ಬೇಗ ಅಂದರೆ ಬೇಗಾನೇ. ನಾನು ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಳ್ಳೋದರಲ್ಲಿ ಪತ್ರ ಆಗಿತ್ತು. ಓದಿ ಹೇಳಿ ಅಂದೆ.

"ಸದರಿ ಸ್ವತ್ತಿನಲ್ಲಿರುವ ಬಾವಿ, ಹುಣಸೇಮರ, ಕುರಿ ಕಟ್ಟುವ ರೊಪ್ಪ ಸಮೇತ..."

"ಸ್ವಾಮಿ, ನಮ್ಮನೇಲಿ ಬಟ್ಟೆ ಒಣಗಾಕಾಕೇ ಜಾಗ ಇಲ್ಲ."

"ಯಾರದೋ ತೋಟದ ಪತ್ರ ಇತ್ತು, ಹೆಸರು ಬದಲಾಯ್ಸಿದೆ. ಇರ್ಲಿ ಬುಡ್ರೀ."

"ಇಲ್ಲದ್ದನ್ನ ಹೆಂಗೆ ಬರೆಸ್ಕಳ್ಳಿ?"

ಅವರು ಕನ್ನಡಕದ ಮೇಲಿಂದ ನೋಡಿದರು. ಇಂಥ ಗಿರಾಕಿ ಅವರಿಗೆ ಸಿಕ್ಕಿರಲಿಲ್ಲ ಅಂತ ಕಾಣುತ್ತೆ. "ಆಯ್ತು, ಬಾವಿ ತೆಗೀತೀನಿ, ರೊಪ್ಪನೂ ತೆಗೀತೀನಿ. ಹುಣಸೇಮರನಾದ್ರೂ ಇಟ್ಕಳ್ರೀ, ಸಾರಿಗೆ ಬೇಕಾಗ್ತದೆ."

ಊಟ ಆಯ್ತಾ?

ಈ ಸಲ ಕೆಟ್ಟ ಕೋಟು ನೋಡಿ ಆರಿಸಿದೆ. ಮೊಣಕೈ ಸವೆದಿತ್ತು, ಕಾಲರು ಬೆವರಿಗೆ ಬಿಳಿಚಿಕೊಂಡಿತ್ತು. ಆ ವಕೀಲರು ಮಧುಗಿರಿಯವರೇ, ಹೆಣ್ಣುಮಗಳು. ಮಾತು ಒರಟು, ಕೆಲಸ ನೇರ. ಕಾಗದ ನೋಡಿದರು.

"ಮನೆ ಜಂಟಿ ಹೆಸರಲ್ಲಿರ್ಲಿ. ನಿಮ್ಮ ಮನೆಯವರ ಆಧಾರ್ ತನ್ನಿ."

"ಅವರಿಲ್ಲ."

"ಊರಿಗೆ ಹೋಗಿದಾರಾ?"

ನಾನು ಮೇಜಿನ ಮೇಲಿದ್ದ ಕಾಗದದ ಮಡಿಕೆ ಕೈಯಲ್ಲೇ ತೀಡಿದೆ.

"ಯಾವಾಗ ಬರ್ತಾರೆ? ನಂಗೆ ಸೋಮವಾರದೊಳಗೆ ಬೇಕು."

"ಬರಲ್ಲಮ್ಮ."

"ಏನ್ರೀ, ಜಗಳನಾ?"

"ತೀರ್ಕೊಂಡ್ರು."

ವಕೀಲಮ್ಮ ಪೆನ್ನು ಕೆಳಗಿಟ್ಟರು. ಕಿಟಕಿಯಿಂದ ಬೆಟ್ಟದ ಕಡೆ ನೋಡಿದರು. ಆ ಬೋಳು ಬಂಡೇಲಿ ನೋಡೋಕೇನಿಲ್ಲ, ಆದರೂ ಬಹಳ ಹೊತ್ತು ನೋಡಿದರು. "ಮೊದಲೇ ಹೇಳೋಕೇನಾಗಿತ್ತು ನಿಮಗೆ?" ಅಂತ ನನ್ನ ಬೈದರು. ಆಮೇಲೆ ಫೋನ್ ತಗೊಂಡು ಅವರ ಯಜಮಾನರಿಗೆ ಮಾಡಿದರು.

"ರೀ, ಊಟ ಆಯ್ತಾ ನಿಮ್ದು?"

ಆ ಕಡೆ ದನಿ ನನಗೂ ಕೇಳಿಸಿತು. "ಅಯ್ಯೋ, ಏನಾಯ್ತೇ? ಯಾರಿಗೇನಾಯ್ತು?"

ರಾಹುಕಾಲ

ರಿಜಿಸ್ಟರ್ ಆಫೀಸಿನಲ್ಲಿ ಶುಕ್ರವಾರ ದಿನ ಸಿಕ್ಕಿತು. ಒಡತಿ ಬಸ್ಸು ಹತ್ತಿ ಬೆಳಿಗ್ಗೆನೇ ಬಂದರು. ಹತ್ತೂವರೆ ದಾಟಿದ ಮೇಲೆ ಆಫೀಸಿನವರು ನಮ್ಮ ಹೆಸರು ಕೂಗಿದರು. ಆಯಮ್ಮ ಮರದ ಕೆಳಗಿಂದ ಏಳಲೇ ಇಲ್ಲ.

"ರಾಹುಕಾಲ ಕಣಮ್ಮ. ಕಳೀಲಿ."

ವಕೀಲಮ್ಮ ಹಲ್ಲು ಕಚ್ಚಿಕೊಂಡು ಕಾದರು. ನಮ್ಮ ಮುಂದೆ ಊರವರೆಲ್ಲ ಒಳಗೆ ಹೋಗಿ ಬರೆಸಿಕೊಂಡು, ಸ್ವೀಟ್ ಹಂಚಿ ಹೋದರು. ನಮಗೂ ಕೊಟ್ಟರು. ಹನ್ನೆರಡಕ್ಕೆ ಆಯಮ್ಮ ಸೆರಗು ಸರಿ ಮಾಡಿಕೊಂಡು ಎದ್ದರು. ನಾವು ಬಾಗಿಲಿಗೆ ಹೋಗೋದಕ್ಕೂ ಒಳಗಿನವರು, "ಸರ್ವರ್ ಡೌನ್, ಇವತ್ತಿಲ್ಲ" ಅನ್ನೋದಕ್ಕೂ ಸರಿಹೋಯ್ತು.

ಸಾಯಂಕಾಲ ಬಸ್ ಸ್ಟ್ಯಾಂಡಿಗೆ ಬಿಡೋಕೆ ಹೋದೆ. ಆಯಮ್ಮ ದಾರಿ ಉದ್ದಕ್ಕೂ ಯೋಚನೆ ಮಾಡ್ತಿದ್ದರು. ಬಸ್ಸು ಹತ್ತಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಮುಂದಿನ ಸಲ ರಾಹುಕಾಲ ನೋಡ್ಕಂಡು ಅದ್ರಾಗೇ ಒಳೀಕೆ ಹೋಗಾನ. ಆವಾಗ ಮಿಷನ್ನು ಚೆಂದಾಗಿ ನಡೀತೈತೆ!"

ಒಪ್ಪಿಗೆ

ಆಮೇಲೆ ದಿನ ಸಿಕ್ಕಿದ್ದು ಯುಗಾದಿ ಎದುರಿಗೆ. ಇದು ತಪ್ಪಿದರೆ ಮನೆ ತಪ್ಪಿದ ಹಾಗೆ. ಕಾಗದ ಎಲ್ಲ ಸರಿ ಇತ್ತು, ಸರ್ವರ್ ಇತ್ತು. ಸಬ್ ರಿಜಿಸ್ಟ್ರಾರ್ ಸಾಹೇಬರು ಎಲ್ಲರಿಗೂ ಕೇಳೋ ಮಾತು ಕೇಳಿದರು.

"ಅಮ್ಮ, ನಿಮ್ಮ ಸ್ವಂತ ಇಷ್ಟದಿಂದ ಮಾರ್ತಿದೀರಾ? ಒಪ್ಪಿಗೆನಾ?"

"ಲೇದು."

ಆಯಮ್ಮ ಮದುವೆಯಾಗಿ ಪಾವಗಡ ಸೀಮೆ ಸೇರಿ ಬಹಳ ವರ್ಷ ಆಗಿತ್ತು. ಗಟ್ಟಿಯಾಗಿ ಇಲ್ಲ ಅನ್ನಬೇಕಾದಾಗ ತೆಲುಗೇ ಬರೋದು. ನಾನು ಮೇಜು ಹಿಡಿದುಕೊಂಡೆ.

"ಯಾಕಮ್ಮ, ದುಡ್ಡು ಬಂದಿಲ್ವಾ?" ಅಂದರು ಸಾಹೇಬರು.

"ದುಡ್ಡು ಬಂತು ಸಾಮಿ. ಅದು ನಮ್ಮವ್ವನ ಮನೆ, ನಾನು ಹುಟ್ಟಿದ ಮನೆ. ತವರು ಬುಟ್ಟು ಬರೀ ಮಡ್ಲಾಗೆ ಹೋಗಾಕಾಗ್ತದಾ? ಮಡ್ಲಕ್ಕಿ ಹಾಕಿ ಕಳುಸ್ತೀನಿ ಅಂತ ಇವನ ಹೆಂಡ್ತಿ ಅಂದಿದ್ಲು. ಅವ್ಳು ಹೋದ್ಲು. ಇವನು ಬರೀ ಪೆನ್ನು ತಂದವ್ನೆ."

ನನಗೆ ಗೊತ್ತಿರಲಿಲ್ಲ. ಹೆಂಗಸರು ಅವರವರೇ ಮಾತಾಡಿಕೊಂಡದ್ದು.

"ಮಡಿಲಕ್ಕಿ ಎಲ್ಲ ಕ್ರಯಪತ್ರದಲ್ಲಿ ಬರಲ್ಲಮ್ಮ," ಅಂದರು ಸಾಹೇಬರು.

"ಹಂಗಾದ್ರೆ ನಾನೂ ಬರಲ್ಲ."

ವಕೀಲಮ್ಮ ನನ್ನ ಬೆನ್ನಿಗೆ ಒಂದು ತಳ್ಳು ತಳ್ಳಿದರು. "ನಿಂತ್ಕೊಂಡು ಏನ್ ನೋಡ್ತೀರ್ರೀ? ಓಡಿ! ಅಕ್ಕಿ, ಬೆಲ್ಲ, ಕಾಯಿ, ಎಲೆ ಅಡಿಕೆ, ರವಿಕೆ ಪೀಸು. ಅರಿಶಿನ ಕುಂಕುಮ ಮರೀಬೇಡಿ!"

ಓಡಿದೆ. ಎಷ್ಟೋ ದಿನ ಆಗಿತ್ತು ನಾನು ಓಡಿ. ಬರೋದರಲ್ಲಿ ಆಯಮ್ಮನ್ನ ಪೂರ್ವಕ್ಕೆ ಮುಖ ಮಾಡಿ ಕುರ್ಚಿ ಮೇಲೆ ಕೂರಿಸಿದ್ದರು. ವಕೀಲಮ್ಮ ಕರೀ ಕೋಟಲ್ಲೇ ಕುಂಕುಮ ಇಟ್ಟು, ಬೊಗಸೇಲಿ ಅಕ್ಕಿ ತುಂಬಿ ಮಡಿಲಿಗೆ ಹಾಕಿದರು. ಕ್ಯೂನಲ್ಲಿದ್ದ ಹೆಂಗಸೊಬ್ಬರು, "ಒಂದೇ ಸಲ ಸುರಿಯೋದಲ್ಲ, ಮೂರು ಸಲ ಹಾಕ್ಬೇಕು ಕಣಮ್ಮ" ಅಂತ ತಿದ್ದಿದರು. ಕಂಪ್ಯೂಟರ್ ಮುಂದಿದ್ದ ಹುಡುಗಿ ಎದ್ದು ಬಂದು ಸೆರಗು ಹಿಡಿದಳು. ಸಾಹೇಬರೂ ಎದ್ದು ನಿಂತರು, ಯಾಕೆ ನಿಂತೆ ಅಂತ ಅವರಿಗೇ ಗೊತ್ತಿರಲಿಲ್ಲ. ಆಯಮ್ಮನ ಹೆಬ್ಬೆರಳಿಗೆ ಅರಿಶಿನ ಆಗಿ ಮಿಷನ್ನು ಹಿಡೀಲಿಲ್ಲ. ನನ್ನ ಟವಲಿನಿಂದ ಒರೆಸಿದ ಮೇಲೆ ಹಿಡಿಯಿತು.

"ಈಗ ಒಪ್ಪಿಗೆನಾ?"

"ಒಪ್ಪಿಗೆ. ಮಡ್ಲಕ್ಕಿ ಹಾಕುದ್ ಮ್ಯಾಲೆ ಇವನು ನಂಗೆ ತಮ್ಮನೇ ಆದ. ಗೌರಿ ಹಬ್ಬಕ್ಕೆ ಕರೀತಾನಾ ಕೇಳಿ ಸಾಮಿ."

ಸಾಹೇಬರು ನನ್ನ ಕಡೆ ತಿರುಗಿದರು. "ಕರೀತೀರೇನ್ರೀ?"

"ಬಾ ಅಕ್ಕ," ಅಂದೆ.

"ಅಡುಗೆ ಯಾರು ಮಾಡ್ತಾರಲಾ?"

"ನಾನೇ."

ಆಯಮ್ಮ ಗಾಬರಿಯಾಗಿ ಸಾಹೇಬರ ಮೇಜು ತಟ್ಟಿದರು. "ಸಾಮಿ, ಮನೆ ಇವಂದು, ಹಬ್ಬದ ಅಡುಗೆ ಮಾತ್ರ ನಂದು ಅಂತ ಪತ್ರದಾಗೆ ಸೇರಿಸ್ಬುಡಿ. ಬೆಳಗ್ಗೆ ಇವನು ಕಾಯ್ಸಿದ ಟೀ ಕುಡ್ದಿದೀನಿ ನಾನು!"